ಬದನೆಯ ಪತಂಗ: ಅದರ ಕುಲ ಮತ್ತು ನೆಲೆ

ಕಾಶಿಯಾತ್ರೆ ಮಾಡಿದವರು ತಮಗೆ ಪ್ರಿಯವಾದ ತರಕಾರಿಯೊಂದನ್ನು ಅಲ್ಲಿಯೇ ತ್ಯಜಿಸಿ ಬರುವ ವಾಡಿಕೆಯುಂಟು. ಬದನೆಯನ್ನು ತ್ಯಜಿಸಿದವರು ಬಹುಶಃ ರಾಮನಗರದ ಬದನೆಯನ್ನು ಕಂಡಿರಲಾರರು! ವಾರಾಣಸಿಯ ಎದುರು ದಡದಲ್ಲಿ ಬೆಳೆಯುವ ಆ ದೊಡ್ಡ ದುಂಡು ಕಾಯಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಉಡುಪಿಯ ಮಟ್ಟುಗುಳ್ಳಕ್ಕೆ ಅದು 2011ರಲ್ಲಿಯೇ ಲಭಿಸಿತ್ತು. ಈ ಎರಡು ಬದನೆಗಳಿಗೂ ಶತ್ರು ಮಾತ್ರ ಒಂದೇ. ಅದೇ ಕುಡಿ ಮತ್ತು ಕಾಯಿ ಕೊರೆಯುವ ಹುಳು.

ಇದರ ಪ್ರೌಢಾವಸ್ಥೆಯು ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಸೆಂಟಿಮೀಟರ್ ಅಗಲವಿರುವ, ಬಿಳಿಯ ಮೇಲೆ ಕಂದು ಮಚ್ಚೆಗಳುಳ್ಳ ಪತಂಗ. ಫ್ರಾನ್ಸಿನ ಕೀಟಶಾಸ್ತ್ರಜ್ಞ ಗೆನೆ 1854ರಲ್ಲಿ ಇದಕ್ಕೆ 'ಲ್ಯೂಸಿನೋಡಿಸ್ ಆರ್ಬೊನಾಲಿಸ್' ಎಂದು ಹೆಸರಿಟ್ಟನು. ಹಳೆಯ ಗ್ರಂಥಗಳು ಇದನ್ನು ಪೈರಾಲಿಡೇ ಕುಟುಂಬಕ್ಕೆ ಸೇರಿಸಿದ್ದರೆ, ಈಗ ಇದು ಕ್ರ್ಯಾಂಬಿಡೇ ಕುಟುಂಬಕ್ಕೆ ಸೇರಿದೆ. ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಇದರ ನೆಲೆ. ಆಫ್ರಿಕದಲ್ಲಿಯೂ ಇದೇ ಪತಂಗವಿದೆಯೆಂದು ಬಹುಕಾಲ ನಂಬಲಾಗಿತ್ತು. ಆದರೆ ಪತಂಗಗಳ ಅಂಗರಚನೆಯನ್ನೂ ಡಿ.ಎನ್.ಎ.ಯನ್ನೂ ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಹಾರಾದ ದಕ್ಷಿಣದಲ್ಲಿರುವವು ಬೇರೆಯೇ ಪ್ರಭೇದಗಳೆಂದು ತೋರಿಸಿತು.

ಹೆಸರಿನ ಈ ಜಿಜ್ಞಾಸೆ ಕೇವಲ ಪಂಡಿತರ ವಿನೋದವಲ್ಲ. ಹೆಣ್ಣು ಪತಂಗದ ವಾಸನೆಯನ್ನು ಹೋಲುವ ರಾಸಾಯನಿಕವನ್ನಿಟ್ಟು ಗಂಡುಗಳನ್ನು ಹಿಡಿಯುವ ಮೋಹಕ ಬಲೆಯನ್ನು ಪ್ರಭೇದವನ್ನು ಅರಿತೇ ಒಡ್ಡಬೇಕು.

ಮೊಟ್ಟೆಯಿಂದ ಹೊರಬಂದ ಮರಿಹುಳುವು ಅಲ್ಪಕಾಲದಲ್ಲಿಯೇ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರಿ, ಪ್ರವೇಶದ್ವಾರವನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಅನಂತರ ಸಿಂಪಡಿಸಿದ ಔಷಧವು ಅದನ್ನು ತಲುಪುವುದು ದುಸ್ಸಾಧ್ಯ. ಆದುದರಿಂದಲೇ ಬೆಳೆಗಾರನು ಮತ್ತೆ ಮತ್ತೆ ಸಿಂಪಡಿಸುತ್ತಾನೆ. ಕೆಲವೊಮ್ಮೆ ಕೊಯ್ಲಿನ ಹಿಂದಿನ ದಿನವೂ! ಆರೋಗ್ಯದ ಪ್ರಶ್ನೆ ಉದ್ಭವಿಸುವುದು ಇಲ್ಲಿ. ರಂಧ್ರವಿರುವ ಕಾಯಿಯನ್ನು ಕಂಡು ಮುಖ ಸಿಂಡರಿಸುವ ಗೃಹಿಣಿಯು ನುಣುಪಾದ, ಹೊಳೆಯುವ ಕಾಯಿಯನ್ನು ನಿಶ್ಚಿಂತೆಯಿಂದ ಕೊಳ್ಳುತ್ತಾಳೆ. ಹುಳುವಿರುವ ಭಾಗವನ್ನು ಕತ್ತರಿಸಿ ಎಸೆಯಬಹುದು. ಕೀಟನಾಶಕದ ಶೇಷವಾದರೋ ಕಣ್ಣಿಗೆ ಕಾಣದು. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲ್ಮೈಯ ಶೇಷ ತಗ್ಗುತ್ತದೆ, ಒಳಕ್ಕೆ ಇಳಿದುದು ಹೋಗುವುದಿಲ್ಲ.

ಕುಲಾಂತರಿ ಬದನೆಯನ್ನು ಭಾರತ ಸರ್ಕಾರವು 2010ರ ಫೆಬ್ರವರಿಯಲ್ಲಿ ತಡೆಹಿಡಿಯಿತು. ಬಾಂಗ್ಲಾದೇಶವು 2013ರಲ್ಲಿ ಅದಕ್ಕೆ ಅನುಮತಿ ನೀಡಿತು. ಆ ವಿವಾದ ಹಾಗಿರಲಿ. ವಾರಾಣಸಿಯಲ್ಲಿಯೇ ಇರುವ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆಯು ಸಾರುತ್ತ ಬಂದಿರುವ ಸಮಗ್ರ ಕೀಟನಿರ್ವಹಣೆಯಲ್ಲಿ ಬಲೆಯ ಜೊತೆಗೆ ಮತ್ತೊಂದು ಕೆಲಸವಿದೆ: ಬಾಡಿದ ಕುಡಿಗಳನ್ನು ವಾರವಾರವೂ ಚಿವುಟಿ ತೆಗೆಯುವುದು. ಚಿವುಟಿದುದನ್ನು ಬದುವಿನ ಮೇಲೆಸೆದರೆ ಒಳಗಿನ ಹುಳುವು ಬೆಳೆದು ಪತಂಗವಾಗಿ ಮರಳುತ್ತದೆ. ಸುಡಬೇಕು, ಇಲ್ಲವೇ ಆಳವಾಗಿ ಹೂಳಬೇಕು. ನೆರೆಹೊಲದವನೂ ಹಾಗೆಯೇ ಮಾಡಬೇಕು.