ನಾಮ್ ಪೆನ್‌ನ ಎರಡು ವಸ್ತುಸಂಗ್ರಹಾಲಯಗಳು

ಮೆಕಾಂಗ್ ಮತ್ತು ತೋನ್ಲೆ ಸಾಪ್ ನದಿಗಳ ಸಂಗಮದಲ್ಲಿರುವ ನಾಮ್ ಪೆನ್, ಕಾಂಬೋಡಿಯ ದೇಶದ ರಾಜಧಾನಿ. ಅರಮನೆಯ ಮಗ್ಗುಲಲ್ಲಿ ಕೆಂಬಣ್ಣದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಖ್ಮೇರ್ ದೇಗುಲಗಳ ಶೈಲಿಯಲ್ಲಿ ಜಾರ್ಜ್ ಗ್ರೋಸ್ಲಿಯೆ ಎಂಬ ಫ್ರೆಂಚ್ ವಿದ್ವಾಂಸರು ರೂಪಿಸಿದ ಈ ಕಟ್ಟಡ 1920ರಲ್ಲಿ ಉದ್ಘಾಟನೆಗೊಂಡಿತು. ಎಂಟು ತೋಳುಗಳ ವಿಷ್ಣು, ಹರಿಹರ, ಕಣ್ಣು ಮುಚ್ಚಿ ಧ್ಯಾನಮಗ್ನನಾದ ದೊರೆ ಏಳನೆಯ ಜಯವರ್ಮ, ಇವರ ಶಿಲಾಮೂರ್ತಿಗಳು ಇಲ್ಲಿವೆ. ದೇವತೆಗಳು ಭಾರತದಿಂದ ಹೋದವರು. ಅವರ ಮುಖಭಾವ, ಉಡುಗೆಗಳು ಖ್ಮೇರ್ ಶಿಲ್ಪಿಗಳ ಸ್ವಂತ ಸೃಷ್ಟಿ.

1975ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ಪಡೆಗಳು ನಗರವನ್ನು ವಶಪಡಿಸಿಕೊಂಡು ನಿವಾಸಿಗಳನ್ನು ಹಳ್ಳಿಗಾಡಿಗೆ ಅಟ್ಟಿದವು. ಸಂಗ್ರಹಾಲಯ ಪಾಳುಬಿದ್ದಿತು. ನಗರದ ತುವೋಲ್ ಸ್ಲೆಂಗ್ ಎಂಬಲ್ಲಿ ಪ್ರೌಢಶಾಲೆಯೊಂದು ಸೆರೆಮನೆಯಾಯಿತು. ಮಕ್ಕಳು ಪಾಠ ಕಲಿತ ಕೊಠಡಿಗಳಲ್ಲಿ ಇಟ್ಟಿಗೆಯ ಅಡ್ಡಗೋಡೆಗಳೆದ್ದವು. ಅಲ್ಲಿಗೆ ತಂದ ಸಾವಿರಾರು ಕೈದಿಗಳಲ್ಲಿ ಬದುಕಿ ಉಳಿದವರು ಬೆರಳೆಣಿಕೆಯಷ್ಟು ಮಂದಿ.

1979ರ ಜನವರಿಯಲ್ಲಿ ಆ ಆಳ್ವಿಕೆ ಕುಸಿಯಿತು. ಏಪ್ರಿಲ್‌ನಲ್ಲಿಯೇ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತೆ ಬಾಗಿಲು ತೆರೆಯಿತು. ಸೆರೆಮನೆಯನ್ನೂ ಕೆಡವದೆ ವಸ್ತುಸಂಗ್ರಹಾಲಯವಾಗಿ ಉಳಿಸಲಾಯಿತು. ಮಡಿದವರ ಭಾವಚಿತ್ರಗಳನ್ನು ಅಲ್ಲಿ ಸಾಲಾಗಿ ಇರಿಸಿದ್ದಾರೆ. 2025ರಲ್ಲಿ ಯುನೆಸ್ಕೋ ಸಂಸ್ಥೆ ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪೂರ್ವಜರ ಕೀರ್ತಿಯನ್ನು ಕಾಪಾಡುವ ಜನರು ಲೋಕದಲ್ಲಿ ಅನೇಕರುಂಟು. ತಮ್ಮವರೇ ಎಸಗಿದ ಕ್ರೌರ್ಯದ ಸಾಕ್ಷ್ಯವನ್ನೂ ಕಾಪಾಡುವುದಕ್ಕೆ ಹೆಚ್ಚಿನ ಧೈರ್ಯ ಬೇಕು.