ಗೊಂಬೆಗೆ ಕೀಲು, ಚಿತ್ರಕ್ಕೆ ಚಲನೆ

ರಾಯಚೂರು ನಗರದ ಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಬೃಹತ್ ಶಿಲೆಯಿದೆ. ಅದರ ಉದ್ದ 41 ಅಡಿಗಳಿಗೂ ಹೆಚ್ಚು. ಕಾಕತೀಯರ ಕಾಲದ ಗೋರೆ ಗನ್ನಯ್ಯ ರೆಡ್ಡಿಯ ಸೇನಾನಿ ವಿಠಲನು 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ತಿಳಿಸುತ್ತದೆ. ಶಾಸನದಷ್ಟೇ ನೋಡುಗರ ಮನಸ್ಸನ್ನು ಸೆಳೆಯುವುದು ಗೋಡೆಯಲ್ಲಿ ಕೊರೆದಿರುವ ಒಂದು ರೇಖಾಚಿತ್ರ. ಅದೇ ಬೃಹತ್ ಶಿಲೆಯನ್ನು ಬಂಡಿಯ ಮೇಲೇರಿಸಿ, ಕೋಣಗಳ ಉದ್ದನೆಯ ಸಾಲೊಂದು ಎಳೆದು ತರುತ್ತಿರುವ ದೃಶ್ಯವದು. ಆಳುಗಳು ಕೋಣಗಳನ್ನು ಹುರಿದುಂಬಿಸುತ್ತಿದ್ದಾರೆ. ಹಿಂದಿನಿಂದ ಚಕ್ರಗಳಿಗೆ ಸನ್ನೆಗೋಲು ಹಾಕಿ ಮೀಟುತ್ತಿದ್ದಾರೆ. ಏಳು ಶತಮಾನಗಳಿಂದಲೂ ಆ ಬಂಡಿ ಹೊರಟ ಸ್ಥಳದಲ್ಲಿಯೇ ನಿಂತಿದೆ.

ನಿಂತ ಚಿತ್ರವನ್ನು ನಡೆಯಿಸಬೇಕೆಂಬುದು ಮಾನವನ ಬಹುಕಾಲದ ಆಸೆ. ಆ ಆಸೆಯನ್ನು ಈ ನಾಡಿನಲ್ಲಿ ಮೊದಲು ಈಡೇರಿಸಿಕೊಂಡವರಲ್ಲಿ ತೊಗಲುಗೊಂಬೆಯಾಟದವರೂ ಸೇರಿದ್ದಾರೆ. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂಬ ಹೆಸರಿನ ಈ ಕಲಾವಿದರು ಗೊಂಬೆಗಳ ಪೆಟ್ಟಿಗೆಯನ್ನು ಹೊತ್ತು ಊರೂರು ತಿರುಗಿದರು. ಊರ ಬಯಲಿನಲ್ಲಿ ಬಿಳಿಯ ಪರದೆಯನ್ನು ಕಟ್ಟಿ, ಅದರ ಹಿಂದೆ ದೀಪವನ್ನು ಹಚ್ಚಿ, ರಾಮಾಯಣ ಮಹಾಭಾರತಗಳ ಕಥೆಯನ್ನು ರಾತ್ರಿಯೆಲ್ಲ ಆಡಿದರು. ಕಥೆಯ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯಪಾತ್ರಗಳು ಬಂದು ಜನರನ್ನು ನಗಿಸುತ್ತಿದ್ದವು. ಈ ಆಟವನ್ನು ಆಡಿಸಿದರೆ ಮಳೆ ಬರುವುದೆಂಬ ನಂಬಿಕೆಯೂ ಇತ್ತು. ಬರಗಾಲವನ್ನು ಮೇಲಿಂದ ಮೇಲೆ ಕಂಡ ಸೀಮೆಯ ಜನರಿಗೆ ಆ ಪರದೆ ಕೇವಲ ಮನರಂಜನೆಯ ಸಾಧನವಾಗಿರಲಿಲ್ಲ.

ತೊಗಲುಗೊಂಬೆಯ ರಚನೆ ವಿಚಾರಪೂರ್ಣವಾದುದು. ಆಡಿನ ಚರ್ಮವನ್ನು (ಹಿಂದೆ ಜಿಂಕೆಯ ಚರ್ಮವನ್ನೂ ಬಳಸುತ್ತಿದ್ದರು) ಹದಮಾಡಿ, ಬೆಳಕು ತೂರಿಬರುವಷ್ಟು ತೆಳುವಾಗಿಸುತ್ತಾರೆ. ಅದರ ಮೇಲೆ ಆಕೃತಿಯನ್ನು ಬರೆದು, ಅಂಚನ್ನು ಕತ್ತರಿಸಿ, ಒಡವೆ ಮತ್ತು ಉಡುಗೆಯ ಕಡೆಗಳಲ್ಲಿ ಸಣ್ಣ ಉಳಿಗಳಿಂದ ರಂಧ್ರಗಳನ್ನು ಮಾಡಿ, ಬಣ್ಣವನ್ನು ತುಂಬುತ್ತಾರೆ. ರಾಜರ ಹಾಗೂ ದೇವತೆಗಳ ಗೊಂಬೆಗಳು ದೊಡ್ಡವು. ಸೇವಕರ ಗೊಂಬೆಗಳು ಚಿಕ್ಕವು. ಚಲಿಸಬೇಕಾದ ಕೈಯನ್ನು ಬೇರೆಯಾಗಿ ಕತ್ತರಿಸಿ, ದಾರದ ಗಂಟಿನಿಂದ ಭುಜಕ್ಕೆ ಜೋಡಿಸುತ್ತಾರೆ. ಆ ಗಂಟೇ ಗೊಂಬೆಯ ಕೀಲು. ಒಂದು ಕೈ ಮೇಲೆದ್ದರೆ ಸಾಕು, ಪರದೆಯ ಮುಂದಿರುವವರಿಗೆ ಇಡೀ ಗೊಂಬೆಯೇ ಮಾತನಾಡಿದಂತೆ ತೋರುತ್ತದೆ.

ಇದೇ ತತ್ತ್ವವು ಚಲನಚಿತ್ರವನ್ನು ಪ್ರವೇಶಿಸಿದುದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಲೊಟ್ಟೆ ರೈನಿಗರ್ (1899–1981) ಎಂಬ ಮಹಿಳೆ ಕಪ್ಪು ರಟ್ಟಿನಿಂದಲೂ ತೆಳುವಾದ ಸೀಸದ ತಗಡಿನಿಂದಲೂ ಆಕೃತಿಗಳನ್ನು ಕತ್ತರಿಸಿ, ಅವುಗಳ ಅಂಗಗಳನ್ನು ಕೀಲುಗಳಿಂದ ಜೋಡಿಸಿದಳು. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಅವುಗಳನ್ನಿರಿಸಿ, ಸ್ವಲ್ಪ ಸ್ವಲ್ಪವೇ ಸರಿಸುತ್ತ, ಪ್ರತಿ ಸಲವೂ ಮೇಲಿನಿಂದ ಒಂದೊಂದು ಛಾಯಾಚಿತ್ರವನ್ನು ತೆಗೆಯಲಾಯಿತು. ‘ರಾಜಕುಮಾರ ಅಹಮದನ ಸಾಹಸಗಳು’ ಎಂಬ ಅವಳ ಚಿತ್ರ ಮೂರು ವರ್ಷಗಳ ಶ್ರಮದ ಬಳಿಕ 1926ರಲ್ಲಿ ಪ್ರದರ್ಶನಗೊಂಡಿತು. ಈ ವಿಧಾನಕ್ಕೆ ಕಟ್‌ಔಟ್ ಆನಿಮೇಶನ್ ಎಂದು ಹೆಸರು.

ಇಂದು ಕತ್ತರಿ ಮತ್ತು ಗಾಜಿನ ಮೇಜಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆದರೆ ಚಿತ್ರವನ್ನು ಬರೆಯುವ ಕೈ ಮನುಷ್ಯನದೇ. ಚಲನಚಿತ್ರದ ಒಂದು ಸೆಕೆಂಡಿಗೆ 24 ಚಿತ್ರಗಳು ಬೇಕು. ಒಂದು ನಿಮಿಷಕ್ಕೆ 1,440. ಒಂದೊಂದು ಚಿತ್ರವನ್ನು ಎರಡೆರಡು ಬಾರಿ ತೋರಿಸಿದರೂ 720 ಚಿತ್ರಗಳನ್ನು ಬರೆಯಬೇಕಾಗುತ್ತದೆ. ಕಟ್‌ಔಟ್ ವಿಧಾನದಲ್ಲಿ ಹಾಗಲ್ಲ. ಪಾತ್ರದ ತಲೆ, ಮುಂಡ, ತೋಳು, ಮುಂಗೈ, ತೊಡೆ, ಕಾಲು, ಪಾದಗಳನ್ನು ಒಂದೇ ಸಲ ಕಾಗದದ ಮೇಲೆ ಬಿಡಿಬಿಡಿಯಾಗಿ ಬರೆದು, ಕಂಪ್ಯೂಟರಿಗೆ ಸೇರಿಸಿ, ಒಂದರ ಮೇಲೊಂದು ಪದರಗಳಾಗಿ ಜೋಡಿಸಿದರೆ ಸಾಕು. ಅನಂತರ ಅವುಗಳನ್ನೇ ತಿರುಗಿಸಿ, ಸರಿಸಿ ಚಲನೆಯನ್ನು ಮೂಡಿಸಬಹುದು.

ಪಾತ್ರವನ್ನು ರೂಪಿಸುವಾಗ ಮೊದಲು ಗಮನಿಸಬೇಕಾದುದು ಅದರ ಹೊರಗೆರೆ. ಆಕೃತಿಗೆ ಪೂರ್ತಿಯಾಗಿ ಕಪ್ಪನ್ನು ತುಂಬಿದಾಗಲೂ ಇವನು ರುಮಾಲು ಸುತ್ತಿದ ರೈತ, ಇವಳು ಕೊಡ ಹೊತ್ತ ಮುದುಕಿ ಎಂದು ಗುರುತು ಸಿಕ್ಕಬೇಕು. ಎರಡನೆಯದು ಕೀಲು. ತೋಳು ಮುಂಗೈಯನ್ನು ಸೇರುವ ಕಡೆಯಲ್ಲಿ ಎರಡು ತುಂಡುಗಳ ತುದಿಯನ್ನೂ ದುಂಡಗೆ ಬರೆದು, ಒಂದರ ಮೇಲೊಂದು ಬರುವಂತೆ ಇರಿಸಬೇಕು. ಆ ದುಂಡಿನ ನಡುವೆಯೇ ತಿರುಗುವ ಬಿಂದುವನ್ನು ಗುರುತಿಸಬೇಕು. ತುದಿಯನ್ನು ನೇರವಾಗಿ ಕತ್ತರಿಸಿದರೆ ಕೈ ಮಡಿಸಿದೊಡನೆ ಮೊಣಕೈಯಲ್ಲಿ ಬಿರುಕು ಕಾಣುತ್ತದೆ. ಮೂರನೆಯದು ಮರೆಯಲ್ಲಿರುವ ಭಾಗ. ಧೋತರದ ಹಿಂದೆ ಅಡಗಿದ ತೊಡೆಯನ್ನೂ ಪೂರ್ತಿಯಾಗಿ ಬರೆಯಬೇಕು. ಏಕೆಂದರೆ ಕಾಲು ಮುಂದೆ ಬಂದಾಗ ಅದು ಹೊರಗೆ ಕಾಣುವುದು.

ಪಾತ್ರವು ಮಾತನಾಡಬೇಕಾದರೆ ಬಾಯಿಗೆ ಕೆಲವು ಆಕಾರಗಳು ಬೇಕು. ಪ, ಬ, ಮಗಳಿಗೆ ತುಟಿಗಳು ಮುಚ್ಚುತ್ತವೆ. ಆ ಎನ್ನುವಾಗ ಬಾಯಿ ತೆರೆಯುತ್ತದೆ. ಇ, ಎಗಳಿಗೆ ಅಗಲವಾಗುತ್ತದೆ. ಉ, ಒಗಳಿಗೆ ದುಂಡಗಾಗುತ್ತದೆ. ವಕಾರಕ್ಕೆ ಕೆಳತುಟಿ ಮೇಲಿನ ಹಲ್ಲುಗಳ ಸಮೀಪಕ್ಕೆ ಬರುತ್ತದೆ. ‘ಮಾನ್ವಿ’ ಎಂಬ ಒಂದು ಹೆಸರನ್ನು ಕನ್ನಡಿಯ ಮುಂದೆ ಮೆಲ್ಲಗೆ ಉಚ್ಚರಿಸಿದರೆ ಇವುಗಳಲ್ಲಿ ನಾಲ್ಕು ಆಕಾರಗಳನ್ನು ಕಾಣಬಹುದು. ಹೀಗೆ ಚಿತ್ರಕಾರನಿಗೆ ವ್ಯಾಕರಣದ ವರ್ಣಮಾಲೆಯೂ ಉಪಕಾರಕ್ಕೆ ಬರುತ್ತದೆ.

ದೃಶ್ಯವನ್ನೂ ಪದರಗಳಾಗಿಯೇ ಬರೆಯಬೇಕು. ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಹೊರಗೆ ನೋಡಿದರೆ ದಾರಿಯ ಪಕ್ಕದ ಮರಗಳು ರಭಸದಿಂದ ಹಿಂದಕ್ಕೆ ಓಡುತ್ತವೆ. ನಡುವಿನ ಹೊಲಗಳು ನಿಧಾನವಾಗಿ ಸರಿಯುತ್ತವೆ. ದೂರದ ಬೆಟ್ಟ ಮಾತ್ರ ಜೊತೆಯಲ್ಲಿಯೇ ಬರುವಂತೆ ತೋರುತ್ತದೆ. ಮರ, ಹೊಲ, ಬೆಟ್ಟಗಳನ್ನು ಬೇರೆ ಬೇರೆ ಹಾಳೆಗಳಲ್ಲಿ ಬರೆದು ಬೇರೆ ಬೇರೆ ವೇಗದಲ್ಲಿ ಸರಿಸಿದರೆ ಚಪ್ಪಟೆಯಾದ ಚಿತ್ರಕ್ಕೆ ಆಳ ಬರುತ್ತದೆ. ದೃಶ್ಯವು ಊರಿಗೆ ತಕ್ಕದ್ದಾಗಿಯೂ ಇರಬೇಕು. ತುಂಗಭದ್ರೆಯ ಕಾಲುವೆಯ ನೀರುಂಡ ಮಾನ್ವಿಯ ಬತ್ತದ ಗದ್ದೆಯ ಹಸಿರು ಬೇರೆ; ದೇವದುರ್ಗದ ಕಡೆ ಬೇಸಗೆಯಲ್ಲಿ ಕೃಷ್ಣಾ ನದಿಯ ಪಾತ್ರದಲ್ಲಿ ಕಾಣುವ ಬಂಡೆ ಮತ್ತು ಮರಳಿನ ಬಣ್ಣ ಬೇರೆ. ಎರಡನ್ನೂ ಕಣ್ಣಾರೆ ಕಂಡು ಬರೆದವನ ಚಿತ್ರದಲ್ಲಿ ಮಾತ್ರ ಆ ನೆಲ ಉಸಿರಾಡುತ್ತದೆ.

ಕೋಟೆಯ ಗೋಡೆಯ ಬಂಡಿಯನ್ನು ಈ ವಿಧಾನದಿಂದ ನಡೆಯಿಸಬಹುದು. ಒಂದು ಕೋಣವನ್ನು ಬಿಡಿಬಿಡಿಯಾಗಿ ಬರೆದು, ಅದನ್ನೇ ಹಲವು ಬಾರಿ ಬಳಸಿ ಸಾಲನ್ನು ರಚಿಸಬಹುದು. ಆದರೆ ಎಲ್ಲ ಕೋಣಗಳೂ ಏಕಕಾಲದಲ್ಲಿ ಹೆಜ್ಜೆಯಿಟ್ಟರೆ ಅದು ಯಂತ್ರದಂತೆ ತೋರುತ್ತದೆ. ಒಂದರ ಹೆಜ್ಜೆ ಮುಂದು, ಇನ್ನೊಂದರ ಹೆಜ್ಜೆ ಹಿಂದು ಆಗಬೇಕು. ಮೊದಲು ಹಗ್ಗ ಬಿಗಿಯಬೇಕು. ಬಳಿಕ ಕೋಣಗಳ ಕೊರಳು ಬಾಗಬೇಕು. ಆಮೇಲೆ ಚಕ್ರ ಅತಿ ನಿಧಾನವಾಗಿ ಉರುಳಬೇಕು. ಶಿಲೆಯ ಭಾರ ತಿಳಿಯುವುದು ಶಿಲೆಯಿಂದಲ್ಲ, ಅದನ್ನು ಎಳೆಯುವವರ ದೇಹದಿಂದ.

ಯಂತ್ರ ಹೊಸದಾದರೂ ವಿದ್ಯೆ ಹಳೆಯದು. ಆ ವಿದ್ಯೆಯನ್ನು ಕಾಪಾಡಿದವರ ಬಾಳು ಮಾತ್ರ ಸುಲಭವಾಗಿರಲಿಲ್ಲ. ಚಲನಚಿತ್ರ ಮತ್ತು ದೂರದರ್ಶನಗಳು ಬಂದ ಮೇಲೆ ಊರ ಬಯಲಿನ ಪರದೆಗಳು ಕಡಿಮೆಯಾದವು. ಅನೇಕ ಕುಟುಂಬಗಳು ಅನ್ಯ ವೃತ್ತಿಗಳನ್ನು ಹಿಡಿದವು. ಹಾಗಿದ್ದರೂ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬಾಳನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲುಗೊಂಬೆಗೆ ತಂದು, 2023ರಲ್ಲಿ ನಿಧನರಾಗುವವರೆಗೂ ಈ ಕಲೆಗಾಗಿ ದುಡಿದರು. ಕೊಪ್ಪಳವು 1997ರವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಅಲ್ಲಿಯ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಎಳೆಯ ವಯಸ್ಸಿನಿಂದಲೂ ಗೊಂಬೆಗಳನ್ನು ಆಡಿಸುತ್ತ ಬಂದು, ಈ ಕಲೆಯನ್ನು ವಿದೇಶಗಳಲ್ಲಿಯೂ ತೋರಿಸಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಾಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು.

ತೊಗಲುಗೊಂಬೆಯ ಆಕೃತಿಯನ್ನು ಕಂಪ್ಯೂಟರಿನಲ್ಲಿ ನಕಲು ಮಾಡುವುದು ಕಷ್ಟವಲ್ಲ. ಒಂದು ಕೈಯನ್ನು ಎಷ್ಟು ಎತ್ತಿದರೆ ಕೋಪ, ಎಷ್ಟು ಇಳಿಸಿದರೆ ದುಃಖ ಎಂಬುದನ್ನು ಯಂತ್ರ ತಾನಾಗಿ ಹೇಳಿಕೊಡಲಾರದು. ಅದು ಪರದೆಯ ಹಿಂದೆ ಕುಳಿತು ಆಡಿಸಿದ ಹಿರಿಯರ ಬೆರಳುಗಳಲ್ಲಿದೆ. ಗೊಂಬೆಗಳನ್ನು ವಸ್ತುಸಂಗ್ರಹಾಲಯದಲ್ಲಿ ಕಾಪಾಡಬಹುದು. ಬೆರಳುಗಳ ಅರಿವನ್ನು ಕಲಿಯುವವರಿದ್ದರೆ ಮಾತ್ರ ಕಾಪಾಡಬಹುದು. ಆ ಹಿರಿಯರ ಬಳಿ ಕುಳಿತು ಕಲಿತು, ಕಲಿಸಿದವರ ಹೆಸರನ್ನು ಮರೆಯದೆ ಹೇಳುವ ಎಳೆಯರ ಕೈಯಲ್ಲಿ, ಗೋಡೆಯ ಮೇಲೆ ನಿಂತಿರುವ ಆ ಕೋಣಗಳು ಒಂದು ದಿನ ಹೆಜ್ಜೆ ಕಿತ್ತಿಡಬಲ್ಲವು.

ಅಭ್ಯಾಸ

1. ತೊಗಲುಗೊಂಬೆಯ ಕೀಲಿಗೂ ಕಟ್‌ಔಟ್ ಆನಿಮೇಶನ್ನಿನ ಕೀಲಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ದೃಶ್ಯವನ್ನು ಪದರಗಳಾಗಿ ಬರೆಯುವುದರಿಂದ ಆಗುವ ಪ್ರಯೋಜನವೇನು?
3. ‘ಶಿಲೆಯ ಭಾರ ತಿಳಿಯುವುದು ಶಿಲೆಯಿಂದಲ್ಲ, ಅದನ್ನು ಎಳೆಯುವವರ ದೇಹದಿಂದ.’ ಈ ಮಾತನ್ನು ಸಮರ್ಥಿಸಿರಿ.
4. ನಿಮ್ಮ ಊರಿನ ಒಬ್ಬ ಕೆಲಸಗಾರನ ಚಿತ್ರವನ್ನು ರಟ್ಟಿನ ಮೇಲೆ ಬಿಡಿಬಿಡಿಯಾಗಿ ಬರೆದು, ಕತ್ತರಿಸಿ, ದಾರದಿಂದ ಜೋಡಿಸಿರಿ.