ಮಂಡಿಯ ಹೊರೆ ಮತ್ತು ಪಾದರಕ್ಷೆಯ ಆಯ್ಕೆ: ವಿದ್ಯಾರಣ್ಯಪುರದ ನಡಿಗೆ ಕಲಿಸಿದ್ದು

ನಡೆಯುವಾಗ ಒಂದು ಕಾಲು ನೆಲದಿಂದ ಎದ್ದ ಕ್ಷಣವೇ ದೇಹದ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ. ಆ ಭಾರಕ್ಕೆ ಸ್ನಾಯುಗಳ ಸೆಳೆತವೂ ಸೇರುವುದರಿಂದ, ಸಮತಟ್ಟಾದ ನೆಲದಲ್ಲೇ ಮಂಡಿಯ ಕೀಲು ದೇಹತೂಕದ ಎರಡರಿಂದ ಮೂರು ಪಟ್ಟು ಒತ್ತಡವನ್ನು ತಾಳಿಕೊಳ್ಳಬೇಕಾಗುತ್ತದೆ. ಈ ಒತ್ತಡ ಕೀಲಿನ ಎರಡು ಬದಿಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ನೆಲವು ಪಾದವನ್ನು ಮೇಲಕ್ಕೆ ಒತ್ತುವ ಬಲದ ರೇಖೆ ಮಂಡಿಯ ನಡುವಿಗಿಂತ ತುಸು ಒಳಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ಹಾಯುವುದರಿಂದ, ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಮೆತ್ತೆಯಾದ ಮೃದ್ವಸ್ಥಿಯ ಒಳಭಾಗವೇ ಹೆಚ್ಚಿನ ಪಾಲನ್ನು ಹೊರುತ್ತದೆ. ಈ ಮೆತ್ತೆ ಸವೆಯುವ ಮಂಡಿಸವೆತ ಒಳಬದಿಯಲ್ಲೇ ಹೆಚ್ಚಾಗಿ ಕಂಡುಬರುವುದಕ್ಕೆ ಇದೂ ಒಂದು ಕಾರಣ. ಬಲದ ಪ್ರಮಾಣವನ್ನು, ಅದು ಮಂಡಿಯಿಂದ ಎಷ್ಟು ದೂರದಲ್ಲಿ ಹಾಯುತ್ತದೆಯೋ ಆ ಅಂತರದಿಂದ ಗುಣಿಸಿದಾಗ ದೊರೆಯುವುದನ್ನು ತಿರುಚುಬಲ ಎನ್ನುತ್ತಾರೆ. ಪಾದದ ಅಡಿಯಲ್ಲಿರುವ ಅಟ್ಟೆಯ ಎತ್ತರ, ಓರೆ ಮತ್ತು ಗಡಸುತನ ಈ ರೇಖೆಯನ್ನು ಅಲ್ಪವೇ ಸರಿಸಿದರೂ, ಆ ಅಲ್ಪವು ದಿನಕ್ಕೆ ಸಾವಿರಾರು ಹೆಜ್ಜೆಗಳಲ್ಲಿ ಮರುಕಳಿಸುತ್ತದೆ.

ಇವುಗಳಲ್ಲಿ ಹಿಮ್ಮಡಿಯ ಎತ್ತರದ ಪರಿಣಾಮ ಅತ್ಯಂತ ಸ್ಪಷ್ಟವಾಗಿದೆ. ಅಮೆರಿಕದ ಕೆರಿಗನ್ ಮತ್ತು ಸಂಗಡಿಗರು 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಎತ್ತರದ ಹಿಮ್ಮಡಿಯ ಪಾದರಕ್ಷೆ ಧರಿಸಿ ನಡೆವ ಮಹಿಳೆಯರಲ್ಲಿ ಮಂಡಿಯ ಒಳಬದಿಯ ಮೇಲಿನ ತಿರುಚುಬಲ ಬರಿಗಾಲ ನಡಿಗೆಗಿಂತ ಹೆಚ್ಚುತ್ತದೆಂದು ತೋರಿಸಿತು. 2001ರಲ್ಲಿ ಅದೇ ತಂಡ, ಅಗಲವಾದ ದಪ್ಪ ಹಿಮ್ಮಡಿಯೂ ಚೂಪು ಹಿಮ್ಮಡಿಯಷ್ಟೇ ಹೊರೆ ತರುತ್ತದೆಂದು ಕಂಡುಕೊಂಡಿತು. ಅಗಲ ಹಿಮ್ಮಡಿ ಪಾದಕ್ಕೆ ಹಾಯೆನಿಸಿ ಭದ್ರತೆಯ ಭಾವನೆ ಕೊಡುವುದರಿಂದ ಅದನ್ನು ಇಡೀ ದಿನ ತೊಡುವವರು ಹೆಚ್ಚು, ಆದ್ದರಿಂದ ಈ ಎರಡನೆಯ ಫಲಿತಾಂಶಕ್ಕೆ ವಿಶೇಷ ಮಹತ್ವವಿದೆ. ಹಿಮ್ಮಡಿ ಎತ್ತರವಾದಂತೆ ಮಂಡಿ ತುಸು ಹೆಚ್ಚು ಮಡಚಿಕೊಂಡೇ ಇರುವುದರಿಂದ, ಮಂಡಿಚಿಪ್ಪಿನ ಹಿಂದಿನ ಒತ್ತಡವೂ ಏರುತ್ತದೆ.

ಹಾಗಾದರೆ ತೆಳು, ಮೆತ್ತನೆಯ ಚಪ್ಪಲಿಯೇ ಮಂಡಿಗೆ ಹಿತವೇ ಎಂಬ ಪ್ರಶ್ನೆಗೆ ಸಂಶೋಧನೆ ಒಂದೇ ಉತ್ತರ ಕೊಡುವುದಿಲ್ಲ. ಶಿಕಾಗೋದ ರಶ್ ವೈದ್ಯಕೀಯ ಕೇಂದ್ರದ ಶಕೂರ್ ಮತ್ತು ಬ್ಲಾಕ್, ಮಂಡಿಸವೆತ ಇರುವವರು ಬರಿಗಾಲಲ್ಲಿ ನಡೆದಾಗ ಒಳಬದಿಯ ತಿರುಚುಬಲ ತಮ್ಮ ನಿತ್ಯದ ಶೂಗಳಲ್ಲಿ ನಡೆದಾಗಿನದಕ್ಕಿಂತ ಸುಮಾರು ಶೇ 12ರಷ್ಟು ಇಳಿಯುತ್ತದೆಂದು 2006ರಲ್ಲಿ ವರದಿ ಮಾಡಿದರು; 2010ರ ಇನ್ನೊಂದು ಅಧ್ಯಯನದಲ್ಲಿ ಬಗ್ಗುವ ಚಪ್ಪಲಿಗಳು ಬರಿಗಾಲಿಗೆ ಹತ್ತಿರವಾಗಿಯೂ ಗಡುಸಾದ ಶೂಗಳು ಹೆಚ್ಚು ಹೊರೆಯವಾಗಿಯೂ ಕಂಡವು. ಆದರೆ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 164 ಮಂಡಿಸವೆತದ ರೋಗಿಗಳನ್ನು ಆರು ತಿಂಗಳು ಗಮನಿಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಪ್ಪಟೆಯಾಗಿ ಬಗ್ಗುವ ಶೂ ತೊಟ್ಟವರಿಗಿಂತ ಪಾದಕ್ಕೆ ಆಸರೆಯಾಗುವ ಗಟ್ಟಿ ಶೂ ತೊಟ್ಟವರಿಗೇ ನಡೆಯುವಾಗಿನ ನೋವು ಹೆಚ್ಚಿನ ಪ್ರಮಾಣದಲ್ಲಿ ಇಳಿಯಿತು. ಪ್ರಯೋಗಾಲಯದಲ್ಲಿ ಅಳೆದ ಹೊರೆಯೂ ನಡೆಯುವವರು ಅನುಭವಿಸುವ ನೋವೂ ಒಂದೇ ಅಲ್ಲ ಎಂಬುದು ಈ ವಿರೋಧದಿಂದ ಹೊರಡುವ ಮುಖ್ಯ ಪಾಠ.

ಮಂಡಿಸವೆತದೊಡನೆ ಉತ್ತರ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ವರ್ಷಗಳಿಂದ ನಡೆಯುತ್ತ ಬಂದಿರುವ ಪ್ರಸ್ತುತ ಲೇಖಕಿಯ ಅನುಭವ ಈ ಪಾಠವನ್ನು ಸಮರ್ಥಿಸುತ್ತದೆ. ಇಲ್ಲಿನ ನೆಲ ಒಂದೇ ಬಗೆಯದಲ್ಲ: ಬಿಇಎಲ್ ಬಡಾವಣೆ, ಎನ್‌ಟಿಐ ಬಡಾವಣೆಗಳ ರಸ್ತೆಗಳಲ್ಲಿ ಚರಂಡಿಯ ಮೇಲೆ ಹೊದಿಸಿದ ಕಲ್ಲುಚಪ್ಪಡಿಗಳೇ ಪಾದಚಾರಿ ಮಾರ್ಗವಾಗಿರುವೆಡೆ ಚಪ್ಪಡಿಯಿಂದ ಚಪ್ಪಡಿಗೆ ಎತ್ತರ ಬದಲಾಗುತ್ತದೆ, ಮನೆಮನೆಯ ಗೇಟಿನ ಮುಂದೆ ಕಾರು ಏರಿಸಲು ಹಾಕಿದ ಇಳಿಜಾರು ಪಾದವನ್ನು ಓರೆಯಾಗಿಸುತ್ತದೆ, ದೊಡ್ಡಬೊಮ್ಮಸಂದ್ರ ಕೆರೆಯ ಬದಿಯ ಮಣ್ಣಿನ ಹಾದಿಯಾದರೋ ಹೆಜ್ಜೆಯನ್ನು ತಾನೇ ಮೆತ್ತಗೆ ಬರಮಾಡಿಕೊಳ್ಳುತ್ತದೆ. ಅಂಗಡಿಯ ನುಣುಪು ನೆಲದಲ್ಲಿ ಬಹಳ ಹಿತವೆನಿಸಿದ ದಪ್ಪ ಮೆತ್ತೆಯ ಚಪ್ಪಲಿ, ಚಪ್ಪಡಿಗಳ ಏರುಪೇರಿನ ಮೇಲೆ ಪಕ್ಕಕ್ಕೆ ವಾಲಿ, ಸಂಜೆಯ ಹೊತ್ತಿಗೆ ಮಂಡಿಯ ಒಳಬದಿಯಲ್ಲಿ ನೋವು ತಂದರೆ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ಲೇಸು ಕಟ್ಟುವ ತಗ್ಗು ಅಟ್ಟೆಯ ಶೂ ಅದೇ ದಾರಿಯಲ್ಲಿ ಆ ತೊಂದರೆ ಕೊಡಲಿಲ್ಲ. ಹಿಂಬದಿಯ ಬಾರಿಲ್ಲದ ಹವಾಯಿ ಚಪ್ಪಲಿಯಲ್ಲಿ ಅದನ್ನು ಕಾಲಿನಿಂದ ಜಾರದಂತೆ ಹಿಡಿದಿಡಲು ಬೆರಳುಗಳು ಸದಾ ಮುದುಡಿಕೊಂಡೇ ಇರುತ್ತವೆ, ಹೆಜ್ಜೆ ಕಿರಿದಾಗುತ್ತದೆ; ಬಸ್ಸಿನ ಮೆಟ್ಟಿಲಿಳಿಯುವಾಗ ಈ ಅಭದ್ರತೆ ನೇರವಾಗಿ ಮಂಡಿಗೆ ತಿಳಿಯುತ್ತದೆ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿ ಕೈಯಿಂದ ತಯಾರಾಗುವ ಕೊಲ್ಲಾಪುರಿ ಚಪ್ಪಲಿಯ ತಗ್ಗು ಹಿಮ್ಮಡಿ ಮಂಡಿಗೆ ಅನುಕೂಲವೇ ಆದರೂ, ಅದರ ನಯವಾದ ಚರ್ಮದ ಅಟ್ಟೆ ಮಳೆಗೆ ನೆನೆದ ಕಲ್ಲಿನ ಮೇಲೆ ಜಾರುವುದರಿಂದ ಒಣ ನೆಲಕ್ಕೇ ಅದು ತಕ್ಕದ್ದು.

ಔಷಧದಂಗಡಿಗಳಲ್ಲೂ ಸಿಗುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರು) ಚಪ್ಪಲಿಯ ಬಗ್ಗೆಯೂ ಒಂದು ಮಾತು ಅಗತ್ಯ. ಸಣ್ಣ ಗಾಳಿಗುಳ್ಳೆಗಳಿಂದ ಕೂಡಿದ ಈ ರಬ್ಬರು, ಕುಷ್ಠರೋಗದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರ ಅಂಗಾಲಿಗೆ ಹುಣ್ಣಾಗದಂತೆ ಕಾಪಾಡಲು ಬಳಕೆಗೆ ಬಂದದ್ದು; ಟೈಲ್ಸ್ ನೆಲದ ಮನೆಯೊಳಗೆ ಹಿಮ್ಮಡಿ ನೋವಿಗೆ ಅದು ನೆರವಾಗುತ್ತದೆ, ಆದರೆ ಅಂಗಾಲಿನ ಒತ್ತಡವನ್ನು ಹಂಚುವುದೂ ಮಂಡಿಯ ತಿರುಚುಬಲವನ್ನು ಇಳಿಸುವುದೂ ಬೇರೆ ಬೇರೆ ಕೆಲಸಗಳಾದ್ದರಿಂದ ಮಂಡಿನೋವಿನ ಪರಿಹಾರವನ್ನು ಅದರಿಂದ ನಿರೀಕ್ಷಿಸಲಾಗದು.

ಹಳೆಯ ಪಾದರಕ್ಷೆಯನ್ನು ಪರೀಕ್ಷಿಸುವುದು ಹೊಸದನ್ನು ಆರಿಸುವಷ್ಟೇ ಮುಖ್ಯ. ದಿನಬಳಕೆಯ ಜೋಡಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ನೋಡಿದರೆ, ಹಿಮ್ಮಡಿಯ ಹೊರ ಅಂಚು ಮೊದಲು ಸವೆದು ಅಟ್ಟೆ ಹೊರಕ್ಕೆ ವಾಲಿರುವುದು ಸಾಮಾನ್ಯವಾಗಿ ಕಾಣುತ್ತದೆ. ಹೀಗೆ ವಾಲಿದ ಅಟ್ಟೆ ಪಾದದ ಒಳಬದಿಗೆ ಬೆಣೆಯಿಟ್ಟಂತಾಗಿ ಬಲರೇಖೆಯನ್ನು ಮಂಡಿಯಿಂದ ಇನ್ನಷ್ಟು ಒಳಗೆ ತಳ್ಳುತ್ತದೆ. ರಸ್ತೆಬದಿಯ ಚಮ್ಮಾರರು ಸವೆದ ಭಾಗವನ್ನು ಕೆತ್ತಿ, ರಬ್ಬರಿನ ತುಂಡು ಅಂಟಿಸಿ, ಮೊಳೆ ಹೊಡೆದು ಮಟ್ಟ ಮಾಡಿಕೊಡುವ ಅಗ್ಗದ ದುರಸ್ತಿ ಈ ದೃಷ್ಟಿಯಿಂದ ಮಂಡಿಯ ಆರೈಕೆಯೂ ಹೌದು. ಅಟ್ಟೆ ಪೂರ್ತಿ ಕುಸಿದಿದ್ದರೆ ಮಾತ್ರ ಹೊಸ ಜೋಡಿ ಬೇಕು.

ಯಾವ ಪಾದರಕ್ಷೆಯೂ ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸದು. ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮತ್ತು ಅಗತ್ಯವಿದ್ದವರಿಗೆ ತೂಕದ ಇಳಿಕೆ ಇವೇ ಮೊದಲ ಚಿಕಿತ್ಸೆಗಳಾಗಿ ಉಳಿಯುತ್ತವೆ. ಅವುಗಳ ಜೊತೆಗೆ ತಗ್ಗು ಹಿಮ್ಮಡಿ, ಮಟ್ಟವಾದ ಅಟ್ಟೆ, ಪಾದವನ್ನು ಹಿಡಿದಿಡುವ ಬಾರು ಅಥವಾ ಲೇಸು ಎಂಬ ಮೂರನ್ನು ಬಿಡದೆ, ಮೆದುವೋ ಗಟ್ಟಿಯೋ ಎಂಬುದನ್ನು ತಾನು ದಿನವೂ ನಡೆಯುವ ರಸ್ತೆಯಲ್ಲೇ, ಮೊದಲು ಕಡಿಮೆ ದೂರ ನಡೆದು, ಆ ಸಂಜೆ ಮತ್ತು ಮರುದಿನ ಬೆಳಗ್ಗೆ ಮಂಡಿ ಹೇಗಿದೆಯೆಂದು ನೋಡಿ ತೀರ್ಮಾನಿಸುವುದು ಕ್ಷೇಮ. ನೋವಿನ ಭಯದಿಂದ ನಡಿಗೆಯನ್ನೇ ಬಿಟ್ಟವರ ಸ್ನಾಯು ಸೊರಗಿ ಮಂಡಿ ಮತ್ತಷ್ಟು ದುರ್ಬಲವಾಗುವುದರಿಂದ, ನಡಿಗೆಯನ್ನು ಮುಂದುವರಿಸಲು ನೆರವಾಗುವ ಪಾದರಕ್ಷೆಯೇ ಆ ಮಂಡಿಗೆ ಸರಿಯಾದ ಪಾದರಕ್ಷೆ.